ಲೀಟರ್ ನೋಡಿ ಕಂಪ್ರೆಸರ್ ತಗೋಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಏರ್ ಕಂಪ್ರೆಸರ್ ಬಗ್ಗೇನೇ ಇವೆ. ಎಲ್ಲಕ್ಕೂ ಉತ್ತರ ಕೊಡೋಕೆ ಜಾಗ ಇಲ್ಲ, ಆರು ಪತ್ರ ಆರಿಸ್ಕೊಂಡಿದೀನಿ. ಮೊದಲನೇದಕ್ಕೆ ಉದ್ದ ಉತ್ತರ ಬರೆದಿದೀನಿ, ಯಾಕಂದ್ರೆ ಆ ಪತ್ರದಲ್ಲಿರೋ ಗೊಂದಲಾನೇ ಬೇರೆ ತುಂಬ ಜನಕ್ಕೂ ಇದೆ.

ಪ್ರಶ್ನೆ: ಸರ್ ನಮಸ್ಕಾರ. ಮನೆ ಹಿಂದಿನ ಹಳೇ ಕೊಟ್ಟಿಗೆನ ವರ್ಕ್‌ಶಾಪ್ ಮಾಡ್ಕೊಂಡಿದೀನಿ, ಸ್ಟೂಲು, ದೇವರ ಮಂಟಪ, ಸಣ್ಣ ಕಪಾಟು ಇಂಥದ್ದೆಲ್ಲ ಮಾಡ್ತೀನಿ. ಇಷ್ಟು ದಿನ ಪಾಲಿಶ್ ಕೈಯಲ್ಲೇ, ಇನ್ಮೇಲೆ ಸೀಲರ್, ಮೆಲಮೈನ್ ಎಲ್ಲ ಸ್ಪ್ರೇ ಮಾಡೋಣ ಅಂತ. ಜೊತೆಗೆ ಪಿನ್ ಗನ್ನು, ಬೈಕಿಗೆ ಗಾಳಿ. ಒಂದು ಅಂಗಡಿಯವ್ರು 1 ಎಚ್‌ಪಿ 50 ಲೀಟರ್ ಧಾರಾಳ ಸಾಕು ಅಂದ್ರು, ಇನ್ನೊಬ್ರು 2 ಎಚ್‌ಪಿ 24 ಲೀಟರ್ ಡೈರೆಕ್ಟ್ ಮೋಟಾರಿಂದು ತಗೊಳ್ಳಿ ಅಂದ್ರು. ಯಾವುದು ಸರಿ? ನಮ್ಮಲ್ಲಿ ಸಂಜೆ ವೋಲ್ಟೇಜ್ ತೀರಾ ಕಮ್ಮಿ. – ಸಾಗರದ ಹತ್ರದ ಓದುಗ

ಉತ್ತರ: ಎರಡೂ ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

ಟ್ಯಾಂಕು ಗಾಳಿ ಹುಟ್ಟಿಸಲ್ಲ. ತಾರಸಿ ಮೇಲಿನ ನೀರಿನ ಟ್ಯಾಂಕ್ ಎಷ್ಟು ದೊಡ್ಡದಿದ್ರೇನು, ಬೋರ್‌ವೆಲ್ಲಲ್ಲಿ ಒಂದಿಂಚು ನೀರಿದ್ರೆ ಒಂದಿಂಚೇ ಅಲ್ವಾ, ಹಾಗೇ ಇದು. ಗಾಳಿ ಹುಟ್ಟಿಸೋದು ಟ್ಯಾಂಕ್ ಮೇಲಿರೋ ಹೆಡ್ಡು, ಅಂದ್ರೆ ಪಿಸ್ಟನ್ ಇರೋ ಪಂಪು. ಆ ಹೆಡ್ಡು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೊಡತ್ತೆ ಅನ್ನೋದೇ ಸಿಎಫ್‌ಎಂ, ನೀವು ಕಾಸು ಕೊಡ್ತಿರೋದು ಅದಕ್ಕೆ. ಅಂಗಡಿಯಲ್ಲಿ ಮಾತ್ರ ಎಲ್ರೂ ಲೀಟರ್ ಕೇಳ್ತಾರೆ, ಎಚ್‌ಪಿ ಕೇಳ್ತಾರೆ, ಸಿಎಫ್‌ಎಂ ಕೇಳೋರು ನೂರಕ್ಕೊಬ್ರು.

ಹಾಗಾಗಿ ಮೊದಲು ನಿಮ್ಮ ಹತ್ರ ಇರೋ, ಮುಂದೆ ಬರೋ ಟೂಲುಗಳಲ್ಲಿ ಯಾವುದು ಜಾಸ್ತಿ ಗಾಳಿ ಕುಡಿಯತ್ತೆ ನೋಡ್ಕೊಳ್ಳಿ. ಪಿನ್ ಗನ್ನಿಗೆ ಏನೂ ಬೇಡ, ಒಂದು ಮೊಳೆ ಹೊಡೆದು ಇನ್ನೊಂದು ಹೊಡೆಯೋಷ್ಟರಲ್ಲಿ ಸಣ್ಣ ಕಂಪ್ರೆಸರ್ರೂ ಸುಧಾರಿಸ್ಕೊಳ್ಳತ್ತೆ. ಬೈಕ್ ಟೈರಂತೂ ಲೆಕ್ಕಕ್ಕೇ ಇಲ್ಲ. ನಿಮ್ಮಲ್ಲಿ ಹಸಿವು ಜಾಸ್ತಿ ಇರೋದು ಸ್ಪ್ರೇ ಗನ್ನಿಗೆ, ಯಾಕಂದ್ರೆ ಟ್ರಿಗರ್ ಹಿಡಿದ್ರೆ ಬಿಡೋ ತನಕ ಗಾಳಿ ಹೋಗ್ತಾನೇ ಇರತ್ತೆ. ಮೇಲೆ ಕಪ್ ಇರೋ ಸಾಧಾರಣ ಸಣ್ಣ ಗನ್ನು 4ರಿಂದ 7 ಸಿಎಫ್‌ಎಂ ಕೇಳತ್ತೆ. ಎಚ್‌ವಿಎಲ್‌ಪಿ ಅಂತ ಬರತ್ತಲ್ಲ, ಜಾಸ್ತಿ ಗಾಳಿ ಕಮ್ಮಿ ಒತ್ತಡದ ಗನ್ನು, ಬಣ್ಣ ಕಮ್ಮಿ ಹಾರತ್ತೆ, ಒಳ್ಳೇದೇ, ಆದ್ರೆ ಅದರಲ್ಲಿ ಎಷ್ಟೋ ಗನ್ನುಗಳಿಗೆ 10 ಸಿಎಫ್‌ಎಂ ದಾಟಿ ಗಾಳಿ ಬೇಕು, ಮನೆ ಕಂಪ್ರೆಸರ್ ಅದನ್ನ ಸಾಕೋಕಾಗಲ್ಲ. ಎಲ್‌ವಿಎಲ್‌ಪಿ ಅಂತ ಇನ್ನೊಂದು ಜಾತಿ ಇದೆ, ಅದು ಕಮ್ಮಿ ಗಾಳಿಯಲ್ಲಿ ನಡೆಯತ್ತೆ, ಮನೆಗೆ ಅದೇ ಅನುಕೂಲ.

ಈಗ ಆ 1 ಎಚ್‌ಪಿ 50 ಲೀಟರಿನ ಲೆಕ್ಕ ಹಾಕೋಣ. ಟ್ಯಾಂಕ್ 8 ಬಾರ್ ತುಂಬಿದೆ, ಬಾರ್ ಅನ್ನೋದು ಗಾಳಿ ಒತ್ತಡದ ಅಳತೆ. ಗನ್ನಿಗೆ ಎರಡು ಮೂರು ಬಾರ್ ಸಾಕಾದ್ರೂ ಪೈಪಲ್ಲಿ, ರೆಗ್ಯುಲೇಟರಲ್ಲಿ ಒಂದಿಷ್ಟು ಕಳೆಯತ್ತೆ, ಅದಕ್ಕೆ ಟ್ಯಾಂಕ್ 4 ಬಾರ್‌ಗೆ ಇಳಿದ್ರೆ ಕೆಲಸ ಕೆಟ್ಟಿತು ಅಂತಾನೇ ಇಟ್ಕೊಳ್ಳಿ. ಅಂದ್ರೆ ನಿಮ್ಮ ಕೈಗೆ ಸಿಗೋದು 4 ಬಾರ್, ಗುಣಿಸು 50 ಲೀಟರ್, 200 ಲೀಟರ್ ಗಾಳಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಲ್ಲಿಗೆ 7 ಘನ ಅಡಿ. ಗನ್ನು ನಿಮಿಷಕ್ಕೆ 6 ಎಳೀತಿದೆ, 1 ಎಚ್‌ಪಿ ಹೆಡ್ಡು ಚೆನ್ನಾಗಿದ್ರೆ 3 ಕೊಡತ್ತೆ, ಮಿಕ್ಕ 3 ಟ್ಯಾಂಕಿಂದ ಹೋಗತ್ತೆ. ಎರಡೂಕಾಲು ನಿಮಿಷಕ್ಕೆ ಮುಗೀತು. ಟ್ಯಾಂಕನ್ನ 100 ಲೀಟರ್ ಮಾಡಿದ್ರೆ ನಾಲ್ಕೂವರೆ ನಿಮಿಷ ಸಿಗತ್ತೆ, ಆದ್ರೆ ಖಾಲಿಯಾದ್ಮೇಲೆ ತುಂಬೋಕೂ ಡಬಲ್ ಹೊತ್ತು ಕಾಯ್ಬೇಕು.

ಎರಡು ನಿಮಿಷ ಸಾಲಲ್ವಾ ಅಂತ ಅನ್ಸಬಹುದು. ನನ್ನ ಮೊದಲನೇ ಕಂಪ್ರೆಸರ್ ಇದೇ ಅಳತೆದು, ಲೀಟರ್ ನೋಡಿ ತಗೊಂಡಿದ್ದು. ಏಳಡಿ ವಾರ್ಡ್‌ರೋಬ್ ಬಾಗಿಲು ಮಲಗಿಸ್ಕೊಂಡು ಸೀಲರ್ ಹೊಡೀತಿದ್ದೆ, ಮೇಲಿನ ಅರ್ಧ ಗಾಜಿನ ಹಾಗೆ ಬಂತು, ಕೆಳಗಿನ ಅರ್ಧಕ್ಕೆ ಬರೋ ಹೊತ್ತಿಗೆ ಗನ್ನಿನ ಸದ್ದೇ ಬದಲಾಯ್ತು, ಸುಯ್ಯ್ ಅನ್ನೋದು ಫುಸ್ ಫುಸ್ ಅಂತಾಯ್ತು, ಮಂಜಿನ ಥರ ಬರ್ತಿದ್ದ ಸೀಲರ್ ಹನಿ ಹನಿಯಾಗಿ ಬಿದ್ದು ಒಣಗಿದ್ಮೇಲೆ ಕಿತ್ತಳೆ ಸಿಪ್ಪೆ ಥರ ಗುಳಿಗುಳಿ. ಆ ಅರ್ಧ ಬಾಗಿಲನ್ನ ಮತ್ತೆ 320ರ ಪೇಪರ್ ಹಾಕಿ ಉಜ್ಜಿ, ಇಡೀ ಬಾಗಿಲು ಇನ್ನೊಂದ್ಸಲ ಹೊಡೆದೆ. ಕೈ ಚಳಕ ಕಮ್ಮಿ ಅಂತ ಬಹಳ ದಿನ ಅಂದ್ಕೊಂಡಿದ್ದೆ, ಕೈ ಸರಿಯಾಗೇ ಇತ್ತು, ಗಾಳಿ ಸಾಲ್ತಿರಲಿಲ್ಲ. ಹೊಸಬರು ಯಾರೂ ತಮ್ಮ ಕೈಯನ್ನ ಅನುಮಾನಿಸೋ ಹಾಗಾಗಬಾರದು ಅಂತ್ಲೇ ಇಷ್ಟು ಲೆಕ್ಕ ಬರೀತಿದೀನಿ.

ಇನ್ನು 2 ಎಚ್‌ಪಿ 24 ಲೀಟರ್ ಡೈರೆಕ್ಟ್. ಇದರಲ್ಲಿ ಮೋಟಾರಿನ ಶಾಫ್ಟಿಗೇ ಪಿಸ್ಟನ್ ಕೂತಿರತ್ತೆ, ನಿಮಿಷಕ್ಕೆ 2800 ಸುತ್ತು. ಸಣ್ಣ ಹೆಡ್ಡು, ಜೋರು ಓಟ, ಬೇಗ ಕಾಯತ್ತೆ, ಸದ್ದಂತೂ ಅಕ್ಕಪಕ್ಕದ ಮನೆಗೆ ಕೇಳತ್ತೆ. ಆಗಾಗ ಒಂದ್ಹತ್ತು ನಿಮಿಷದ ಕೆಲಸಕ್ಕೆ ಪರವಾಗಿಲ್ಲ, ಹೊತ್ಕೊಂಡು ಹೋಗೋಕೂ ಅನುಕೂಲ. ದಿನಾ ಸ್ಪ್ರೇ ಮಾಡೋರಿಗಲ್ಲ. ಬೆಲ್ಟ್ ಇರೋದ್ರಲ್ಲಿ ಹೆಡ್ಡು ಎರಕದ ಕಬ್ಬಿಣ, ಪುಲ್ಲಿ ದೊಡ್ಡದು, ಓಟ ಸಾವಿರದ ಆಸುಪಾಸು, ಅದಕ್ಕೇ ತಣ್ಣಗೆ ಓಡಿ ವರ್ಷಗಟ್ಟಲೆ ಬಾಳತ್ತೆ. ನಿಮಗೆ ನಾನು ಹೇಳೋದು 2 ಎಚ್‌ಪಿ, ಬೆಲ್ಟ್, ಎರಡು ಸಿಲಿಂಡರ್, ಟ್ಯಾಂಕ್ 100 ಲೀಟರ್ ಸುತ್ತಮುತ್ತ. ನಿಜವಾಗಿ ಕೈಗೆ 6ರಿಂದ 7 ಸಿಎಫ್‌ಎಂ ಸಿಕ್ಕಿದ್ರೆ ಅದರೊಳಗೆ ನಡೆಯೋ ಗನ್ನು ಹುಡುಕಿ.

ನಿಜವಾಗಿ ಅಂತ ಯಾಕಂದೆ ಅಂದ್ರೆ, ಪ್ಲೇಟ್ ಮೇಲೆ ಬರೆದಿರೋ ಸಿಎಫ್‌ಎಂ ಎಷ್ಟೋ ಸಲ ಡಿಸ್‌ಪ್ಲೇಸ್‌ಮೆಂಟ್ ಲೆಕ್ಕ, ಅಂದ್ರೆ ಪಿಸ್ಟನ್ ಎಳ್ಕೊಳ್ಳೋ ಜಾಗದ ಅಳತೆ. ಹೊರಗೆ ಬರೋ ಗಾಳಿಗೆ ಎಫ್‌ಎಡಿ ಅಂತಾರೆ, ಫ್ರೀ ಏರ್ ಡೆಲಿವರಿ. ಸಣ್ಣ ಹೆಡ್ಡುಗಳಲ್ಲಿ ಅದು ಮುಕ್ಕಾಲು ಭಾಗ ಬಂದ್ರೆ ಪುಣ್ಯ. ಅಂಗಡಿಯಲ್ಲಿ ಎಫ್‌ಎಡಿ ಎಷ್ಟು, ಎಷ್ಟು ಪ್ರೆಷರ್ರಿಗೆ ಅಂತ ಎರಡೂ ಕೇಳಿ. ಹೇಳೋಕೆ ಬರಲಿಲ್ಲ ಅಂದ್ರೆ ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕಿ ನೀವೇ ಅಳೀಬಹುದು. ಟ್ಯಾಂಕ್ ಪೂರ್ತಿ ಖಾಲಿ ಮಾಡ್ಸಿ, ಬುಡದಲ್ಲಿ ನೀರು ಬಿಡೋ ನಲ್ಲಿ, ಅಂದ್ರೆ ಡ್ರೈನ್ ಕಾಕ್ ಮುಚ್ಚಿ, ಆನ್ ಮಾಡಿ, ಸೊನ್ನೆಯಿಂದ 8 ಬಾರ್ ತುಂಬೋಕೆ ಎಷ್ಟು ನಿಮಿಷ ಅಂತ ನೋಡಿ. 100 ಲೀಟರ್ ಟ್ಯಾಂಕಾದ್ರೆ 100 ಗುಣಿಸು 8, 800 ಲೀಟರ್, 28ರಿಂದ ಭಾಗಿಸಿದ್ರೆ ಹೆಚ್ಚುಕಮ್ಮಿ 28 ಘನ ಅಡಿ. 4 ನಿಮಿಷಕ್ಕೆ ತುಂಬಿದ್ರೆ 7 ಸಿಎಫ್‌ಎಂ. 7 ನಿಮಿಷ ಹಿಡಿದ್ರೆ ಪ್ಲೇಟಲ್ಲಿ ಏನೇ ಬರ್ದಿರ್ಲಿ, ಅದು 4 ಸಿಎಫ್‌ಎಂ ಮೆಷೀನು. ಇದು ಖಾಲಿಯಿಂದ ತುಂಬೋವರೆಗಿನ ಸರಾಸರಿ, ಪ್ರೆಷರ್ ಮೇಲಿದ್ದಾಗ ಇನ್ನೂ ಒಂಚೂರು ಕಮ್ಮೀನೇ ಬರತ್ತೆ. ಒಳ್ಳೇ ಅಂಗಡಿಯವ್ರು ಈ ಟೆಸ್ಟಿಗೆ ಬೇಡ ಅನ್ನಲ್ಲ.

ಕರೆಂಟು. 2 ಎಚ್‌ಪಿ ಅಂದ್ರೆ ಶಾಫ್ಟಲ್ಲಿ 1500 ವ್ಯಾಟ್, ಲೈನಿಂದ ಎಳೆಯೋದು ಅದಕ್ಕಿಂತ ಜಾಸ್ತಿ, ಓಡುವಾಗ 10 ಆಂಪಿಯರ್ ಹತ್ರ ಹತ್ರ, ಸ್ಟಾರ್ಟ್ ಆಗೋ ಆ ಒಂದು ಕ್ಷಣ ಅದರ ಐದಾರು ಪಟ್ಟು. ಮೀಟರ್ ಬೋರ್ಡಿಂದ ಬೇರೆಯದೇ ಲೈನ್ ಎಳೆಸಿ, 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಕೊಟ್ಟಿಗೆ ದೂರ ಇದ್ರೆ 4, ಸ್ಟಾರ್ಟಿಂಗ್ ಕರೆಂಟ್ ತಡ್ಕೊಳ್ಳೋ ಸಿ ಟೈಪ್ ಎಂಸಿಬಿ, ಗಟ್ಟಿ ಅರ್ತಿಂಗ್. ಎಕ್ಸ್‌ಟೆನ್ಶನ್ ಬೋರ್ಡಿಗೆ ಮಾತ್ರ ಹಾಕ್ಬೇಡಿ. ದೂರ ಬೇಕಿದ್ರೆ ಗಾಳಿ ಪೈಪ್ ಉದ್ದ ಮಾಡಿ, ವೈರ್ ಅಲ್ಲ. ನಿಮ್ಮ ಮೀಟರ್‌ಗೆ ಎಷ್ಟು ಕಿಲೋವ್ಯಾಟ್ ಮಂಜೂರಾಗಿದೆ ಅಂತ ಮೆಸ್ಕಾಂ ಬಿಲ್ಲಲ್ಲೇ ಇರತ್ತೆ, ಅದು 1 ಅಂತಿದ್ರೆ ಮೊದಲು ಅದನ್ನ ಜಾಸ್ತಿ ಮಾಡ್ಸಿ.

ವೋಲ್ಟೇಜ್ ವಿಷಯ ಹಗುರವಾಗಿ ತಗೋಬೇಡಿ. 230 ಇರಬೇಕಾದ್ದು 180ಕ್ಕೆ ಬಂದ್ರೆ ಮೋಟಾರಿನ ತಿರುಗಿಸೋ ಶಕ್ತಿ ನೂರಕ್ಕೆ 60ಕ್ಕೆ ಇಳಿಯತ್ತೆ, ಯಾಕಂದ್ರೆ ಅದು ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಬೀಳೋದು. ಖಾಲಿ ಟ್ಯಾಂಕಲ್ಲಿ ಹೇಗೋ ಸ್ಟಾರ್ಟ್ ಆಗತ್ತೆ, ಆದ್ರೆ ಟ್ಯಾಂಕಲ್ಲಿ ಪ್ರೆಷರ್ ಇದ್ದು ಮಧ್ಯದಲ್ಲಿ ಮತ್ತೆ ಎದ್ದೇಳಬೇಕಾದಾಗ ಗುಂಯ್ ಅಂತ ನಿಂತ್ಬಿಡತ್ತೆ, ತಕ್ಷಣ ಆಫ್ ಮಾಡದಿದ್ರೆ ಕೆಪಾಸಿಟರ್ ಹೋಗತ್ತೆ, ಇಲ್ಲಾಂದ್ರೆ ವೈಂಡಿಂಗೇ ಸುಡತ್ತೆ. ಸ್ಪ್ರೇ ಕೆಲಸ ಬೆಳಿಗ್ಗೆ ಅಥವಾ ಮಧ್ಯಾಹ್ನ ವೋಲ್ಟೇಜ್ ಚೆನ್ನಾಗಿರೋವಾಗ ಇಟ್ಕೊಳ್ಳಿ, ಸಂಜೆ ಕೈಕೆಲಸ ಮಾಡಿ. ಇನ್ನೊಂದು ವಿಷಯ, ಮೋಟಾರ್ ನಿಂತ ತಕ್ಷಣ ಪ್ರೆಷರ್ ಸ್ವಿಚ್ ಹತ್ರ ಟುಸ್ ಅಂತ ಒಂದು ಸದ್ದು ಬರಬೇಕು, ಹೆಡ್ಡಿನ ಗಾಳಿ ಬಿಡೋ ಅನ್‌ಲೋಡರ್ ಅದು. ಆ ಸದ್ದು ಬರದೇ ಇರೋ ಮೆಷೀನನ್ನ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕಂಪನಿ ಯಾವುದು ಅಂತ ಬಹಳ ಜನ ಕೇಳ್ತಾರೆ. ಕೊಯಮತ್ತೂರಿನಲ್ಲಿ 1960ರಲ್ಲಿ ಶುರುವಾದ ಎಲ್ಜಿ ಇದೆ, ಫ್ರಿಜ್ಜಿನ ಎಲ್‌ಜಿ ಬೇರೆ, ಇದು ಬೇರೆ. ಆ ಊರಿನ ಕಡೆ ಸಣ್ಣ ತಯಾರಕರೂ ಇದಾರೆ, ಕೆಲವರ ಮಾಲು ಗಟ್ಟಿಯಾಗೇ ಇರತ್ತೆ. ನಾನು ನೋಡೋದು ಹೆಸರಿಗಿಂತ, ರಿಂಗ್ ಸೆಟ್, ವಾಲ್ವ್ ಪ್ಲೇಟ್, ಗ್ಯಾಸ್ಕೆಟ್ ಇಷ್ಟೂ ಶಿವಮೊಗ್ಗದಲ್ಲೋ ನಿಮ್ಮ ಹತ್ರದ ಪೇಟೆಯಲ್ಲೋ ಸಿಗತ್ತಾ ಅಂತ. ಐದು ರೂಪಾಯಿ ವಾಷರ್‌ಗೆ ಬೆಂಗಳೂರಿಗೆ ಬರಬೇಕು ಅಂದ್ರೆ ಆ ಮೆಷೀನ್ ನಿಮಗಲ್ಲ.

ಪ್ರಶ್ನೆ: ಮಾರಾಯ್ರೆ, ನನ್ನ ಹತ್ರ ಒಳ್ಳೆ ಬೆಲ್ಟ್ ಕಂಪ್ರೆಸರ್ ಉಂಟು. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ, ಮಳೆ ಶುರುವಾದ ಕೂಡ್ಲೆ ಗನ್ನಿನಿಂದ ಬಣ್ಣದ ಒಟ್ಟಿಗೆ ನೀರೂ ಬರ್ತದೆ. ಕಂಪ್ರೆಸರಿನ ಬುಡದಲ್ಲೇ ಫಿಲ್ಟರ್ ಹಾಕಿದ್ದೇನೆ, ಆದ್ರೂ ಬರ್ತದೆ. ಏನು ಮಾಡುದು? – ಉಡುಪಿಯ ಓದುಗ

ಉತ್ತರ: ಫಿಲ್ಟರ್ ಇರೋ ಜಾಗಾನೇ ತಪ್ಪು. ಹೆಡ್ಡಿಂದ ಬಿಸಿ ಗಾಳಿ ಬರ್ತಿರತ್ತೆ, ಬಿಸಿ ಇರೋವಾಗ ನೀರು ಆವಿಯಾಗೇ ಇರೋದ್ರಿಂದ ಫಿಲ್ಟರ್ ಅದನ್ನ ಹಿಡಿಯೋಕಾಗಲ್ಲ, ದಾಟಿ ಹೋಗತ್ತೆ. ಮುಂದೆ ಪೈಪಲ್ಲಿ ತಣ್ಣಗಾಗಿ ಹನಿಯಾಗೋದು, ಅಷ್ಟೊತ್ತಿಗೆ ನಿಮ್ಮ ಗನ್ನು ಬಂದಿರತ್ತೆ. ಕಂಪ್ರೆಸರ್ರಿಂದ ಒಂದು ಇಪ್ಪತ್ತು ಇಪ್ಪತ್ತೈದು ಅಡಿ ಪೈಪ್ ಓಡಿಸಿ, ಗಾಳಿ ತಣ್ಣಗಾದ ಆ ತುದಿಯಲ್ಲಿ ಫಿಲ್ಟರ್ ಹಾಕಿ. ಗೋಡೆ ಮೇಲೆ ಜಿಐ ಪೈಪ್ ಎಳೆಯೋ ಹಾಗಿದ್ರೆ ಇನ್ನೂ ಒಳ್ಳೇದು, ಸ್ವಲ್ಪ ಇಳಿಜಾರು ಕೊಟ್ಟು, ಗಾಳಿ ತಗೊಳ್ಳೋ ಕವಲನ್ನ ಪೈಪಿನ ಮೇಲ್ಭಾಗದಿಂದ ತೆಗೆದು ಕೆಳಗೆ ಬಗ್ಗಿಸಿ, ಆ ಕೊನೆಯಲ್ಲಿ ಒಂದು ಡ್ರೈನ್ ಕಾಕ್ ಇಡಿ.

ಮಳೆಗಾಲದಲ್ಲಿ ಎಷ್ಟು ನೀರು ಬರತ್ತೆ ಅಂದ್ರೆ ನಂಬೋಕೆ ಕಷ್ಟ. 30 ಡಿಗ್ರಿ ಬಿಸಿಲು, ನೂರಕ್ಕೆ 80 ತೇವ ಇದ್ರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರತ್ತೆ. ಅಷ್ಟು ಗಾಳಿಯನ್ನ 8 ಬಾರ್‌ಗೆ ಒತ್ತಿದ್ರೆ ಅದು ಒಂಬತ್ತನೇ ಒಂದು ಭಾಗಕ್ಕೆ ಕುಗ್ಗತ್ತೆ, ಮತ್ತೆ 30 ಡಿಗ್ರಿಗೆ ತಣ್ಣಗಾದಾಗ ಅಷ್ಟು ಸಣ್ಣ ಜಾಗದಲ್ಲಿ ಮೂರು ಚಿಲ್ಲರೆ ಗ್ರಾಂ ಮಾತ್ರ ಆವಿಯಾಗಿ ಉಳಿಯೋಕೆ ಸಾಧ್ಯ, ಮಿಕ್ಕ 20 ಗ್ರಾಂ ನೀರಾಗಿ ಟ್ಯಾಂಕಿಗೆ ಬೀಳತ್ತೆ. 7 ಸಿಎಫ್‌ಎಂ ಮೆಷೀನ್ ಒಂದು ಗಂಟೆ ಪೂರ್ತಿ ಓಡಿದ್ರೆ ಹನ್ನೆರಡು ಘನ ಮೀಟರ್ ಗಾಳಿ, ಅಂದ್ರೆ ಕಾಲು ಲೀಟರ್ ನೀರು. ಅದಕ್ಕೇ ದಿನಾ ಕೆಲಸ ಮುಗಿದ್ಮೇಲೆ ಟ್ಯಾಂಕ್ ಬುಡದ ಕಾಕ್ ತೆಗೆದು, ಕಂದು ಬಣ್ಣದ ನೀರೆಲ್ಲ ಹೋಗಿ ಬರೀ ಗಾಳಿ ಬರೋ ತನಕ ಬಿಡಿ. ತುಕ್ಕು ಹಿಡಿಯೋದು ಒಳಗಿಂದ, ಹೊರಗಿನ ಪೇಂಟ್ ಹೊಳೀತಾನೇ ಇರತ್ತೆ.

ಒಂದು ಮಾತು, ಪಾಲಿಶ್ ಮೇಲೆ ಗುಳ್ಳೆ, ಚುಕ್ಕೆ, ಹನಿ ಕಂಡ್ರೆ ಅದು ಪೈಪಿನ ನೀರು ಅಥವಾ ಆಯಿಲ್ಲು. ಇಡೀ ಮೇಲ್ಮೈ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮಂಕಾದ್ರೆ ಕಂಪ್ರೆಸರ್ ಮೇಲೆ ಸಿಟ್ಟು ಮಾಡ್ಬೇಡಿ, ಥಿನ್ನರ್ ಬೇಗ ಹಾರಿ ಮೇಲ್ಮೈ ತಣ್ಣಗಾಗಿ ಹೊರಗಿನ ತೇವಾನೇ ಕೂತ್ಕೊಂಡಿರತ್ತೆ. ಥಿನ್ನರ್ ಹಾರಿ ಒಣಗೋ ಎನ್‌ಸಿ ಲ್ಯಾಕರಲ್ಲಿ ಇದು ಜಾಸ್ತಿ. ಅಂಥ ದಿನ ಥಿನ್ನರ್ ನಿಧಾನಕ್ಕೆ ಹಾರೋ ಹಾಗೆ ಮಾಡೋ ರಿಟಾರ್ಡರ್ ಸೇರಿಸಿ, ಇಲ್ಲಾ ಮಳೆ ಹೊಳವಾಗೋ ತನಕ ಕಾಯಿರಿ.

ಪ್ರಶ್ನೆ: ಸರ್, ನಾನು ಮಣ್ಣಿನ ಸಣ್ಣ ಗಣಪತಿಗಳಿಗೆ ಏರ್‌ಬ್ರಷ್‌ನಲ್ಲಿ ನೀರಿನ ಬಣ್ಣ ಹಾಕ್ತೀನಿ, ಅಪಾರ್ಟ್‌ಮೆಂಟಲ್ಲಿ ಮೂರನೇ ಮಹಡಿ. ಹಬ್ಬಕ್ಕೆ ಮುಂಚೆ ರಾತ್ರಿನೂ ಕೆಲಸ ಇರತ್ತೆ. ಕಂಪ್ರೆಸರ್ ಸದ್ದಿಗೆ ಕೆಳಗಿನ ಮನೆಯವ್ರು ಈಗಾಗ್ಲೇ ಒಂದ್ಸಲ ಬಂದು ಹೇಳಿ ಹೋದ್ರು. – ಬೆಂಗಳೂರಿನ ಓದುಗರು

ಉತ್ತರ: ಮೇಡಂ, ನಿಮಗೆ ಸಾಗರದವರಿಗೆ ಹೇಳಿದ್ದರಲ್ಲಿ ಒಂದೂ ಅನ್ವಯಿಸಲ್ಲ. ಏರ್‌ಬ್ರಷ್‌ಗೆ 15ರಿಂದ 30 ಪಿಎಸ್‌ಐ, ಅಂದ್ರೆ ಒಂದರಿಂದ ಎರಡು ಬಾರ್ ಒತ್ತಡ, ಅರ್ಧ ಸಿಎಫ್‌ಎಂ ಇದ್ರೆ ಹೆಚ್ಚು. ಏರ್‌ಬ್ರಷ್‌ಗೇ ಅಂತ ಬರೋ ಕಾಲು ಎಚ್‌ಪಿಗಿಂತ ಸಣ್ಣ ಆಯಿಲ್ ಇಲ್ಲದ ಕಂಪ್ರೆಸರ್ ತಗೊಳ್ಳಿ, ಆದ್ರೆ 3 ಲೀಟರಿನ ಪುಟ್ಟ ಟ್ಯಾಂಕ್ ಇರೋದೇ ಬೇಕು ಅಂತ ಹಠ ಹಿಡೀರಿ. ಟ್ಯಾಂಕ್ ಇಲ್ಲದೇ ಇದ್ರೆ ಪಿಸ್ಟನ್ನಿನ ಪ್ರತಿ ಏಟೂ ಗಾಳಿಯಲ್ಲಿ ನಡುಕ ಆಗಿ ಬರತ್ತೆ, ಗಣಪತಿಯ ಕಣ್ಣಿನ ರೆಪ್ಪೆ ಎಳೆಯುವಾಗ ಆ ನಡುಕ ಗೆರೆಯಲ್ಲಿ ಕಾಣ್ಸತ್ತೆ.

ಅಂಗಡಿಯಲ್ಲಿ ಆಯಿಲ್ ಫ್ರೀ ಅಂದ್ರೆ ಸದ್ದಿಲ್ಲ ಅಂತ ಅಂದ್ಕೊಳ್ಳೋದು ಬೇಡ. ಕಾರ್ಬನ್ ಬ್ರಷ್ ಮೋಟಾರಿನ ಆಯಿಲ್ ಫ್ರೀಗಳ ಸದ್ದು ಎಲ್ಲಕ್ಕಿಂತ ಜೋರು. ಸೈಲೆಂಟ್ ಅಂತ ಬರೆದಿರೋದನ್ನೂ ಓಡಿಸಿ ಕೇಳದೇ ತಗೋಬೇಡಿ, 10 ಡೆಸಿಬಲ್ ಜಾಸ್ತಿ ಆದ್ರೆ ಕಿವಿಗೆ ಡಬಲ್ ಆದ ಹಾಗೆ ಕೇಳತ್ತೆ. ಕೆಳಗಿನ ಮನೆಗೆ ಹೋಗ್ತಿರೋದು ಸದ್ದಿಗಿಂತ ನೆಲದ ಅದುರು, ದಪ್ಪ ರಬ್ಬರ್ ಮ್ಯಾಟ್ ಎರಡು ಪದರ ಹಾಕಿ ಅದರ ಮೇಲಿಡಿ, ಗೋಡೆಗೆ ತಾಗಿಸ್ಬೇಡಿ. ರಾತ್ರಿ ಹತ್ತರ ಮೇಲೆ ಕುಂಚದ ಕೆಲಸ ಇಟ್ಕೊಂಡ್ರೆ ಕೆಳಗಿನವರಿಗೂ ನಿದ್ದೆ ಬರತ್ತೆ.

ಪ್ರಶ್ನೆ: ಸರ್ ನಮಸ್ಕಾರ್ರಿ. ಗುಜರಿ ಅಂಗಡ್ಯಾಗ ಒಂದು ಹಳೇ ಕಂಪ್ರೆಸರ್ ಐತಿ, ಮೋಟಾರ್ ಹೊಸಾದು ಹಾಕ್ಯಾರ, ಹೆಡ್ ಛಲೋ ಐತಿ. ಟ್ಯಾಂಕಿನ ಬುಡಕ ಒಂದು ಕಡೆ ವೆಲ್ಡಿಂಗ್ ಪ್ಯಾಚ್ ಹೊಡದಾರ. ಭಾಳ ಕಡಿಮಿ ರೇಟಿಗೆ ಕೊಡ್ತಾರ. ತಗೋಬೇಕೋ ಬ್ಯಾಡೋ? – ಹುಬ್ಬಳ್ಳಿ ಓದುಗ

ಉತ್ತರ: ಬ್ಯಾಡ್ರಿ. ದಯವಿಟ್ಟು ಬೇಡ. ಬುಡದಲ್ಲಿ ಪ್ಯಾಚ್ ಇದೆ ಅಂದ್ರೆ ಬುಡದಲ್ಲಿ ನೀರು ನಿಂತು ಒಳಗಿಂದ ತಗಡು ತಿಂದಿದೆ ಅಂತ ಅರ್ಥ, ಒಂದು ಕಡೆ ತೂತಾಗಿದ್ರೆ ಪಕ್ಕದ ತಗಡೂ ಕಾಗದದಷ್ಟೇ ಉಳಿದಿರತ್ತೆ. ಟ್ಯಾಂಕಿನ ಕೊನೆಯ ಮುಚ್ಚಳ 30 ಸೆಂಟಿಮೀಟರ್ ಅಗಲ ಅಂತ ಇಟ್ಕೊಳ್ಳಿ, 8 ಬಾರ್ ತುಂಬಿದಾಗ ಆ ಒಂದು ಮುಚ್ಚಳದ ಮೇಲೆ ಒಳಗಿಂದ ಬೀಳೋ ಒತ್ತಡ ಐದೂವರೆ ಟನ್ ದಾಟತ್ತೆ. ಒಂದು ಸಲ ಒಂದು ಗ್ಯಾರೇಜಲ್ಲಿ ಬಿಚ್ಚಿಟ್ಟಿದ್ದ ಹಳೇ ಟ್ಯಾಂಕಿನ ಬುಡಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದೆ, ಮೇಲುಗಡೆ ಠಣ್ ಅಂತಿದ್ದಿದ್ದು ಬುಡದಲ್ಲಿ ಮಡಿಕೆ ಥರ ಬೊದ್ ಅಂತು, ಇನ್ನೊಂದು ಏಟಿಗೆ ಸ್ಕ್ರೂಡ್ರೈವರ್ ಒಳಗೇ ಹೋಯ್ತು. ಹಿಂದಿನ ವಾರದ ತನಕ ಅದರ ಪಕ್ಕದಲ್ಲೇ ಹುಡುಗರು ಕೂತು ಊಟ ಮಾಡ್ತಿದ್ರು.

ಹೆಡ್ಡು ನಿಜವಾಗ್ಲೂ ಛಲೋ ಇದ್ರೆ ಹೆಡ್ಡು, ಮೋಟಾರ್ ಮಾತ್ರ ತಗೊಂಡು ಹೊಸ ಟ್ಯಾಂಕ್ ಹಾಕ್ಸಿ. ಹಳೇ ಟ್ಯಾಂಕ್ ಯಾವುದೇ ಇರಲಿ, ನೀರು ತುಂಬಿ ಒತ್ತಡ ಕೊಟ್ಟು ಹೈಡ್ರೋ ಟೆಸ್ಟ್ ಮಾಡಿಸದೇ ಗಾಳಿ ತುಂಬಬೇಡಿ. ನೀರಲ್ಲಾದ್ರೆ ಬಿರುಕು ಬಿಟ್ರೂ ಚಿಮ್ಮಿ ನಿಲ್ಲತ್ತೆ, ಗಾಳಿಯಲ್ಲಾದ್ರೆ ಸಿಡಿಯತ್ತೆ. ಹಳೇ ಫ್ರಿಜ್ಜಿನ ಕಂಪ್ರೆಸರ್ಗೆ ಗ್ಯಾಸ್ ಸಿಲಿಂಡರ್ ಸೇರಿಸೋ ವಿಡಿಯೋ ನೋಡಿ ಹಾಗೇ ಮಾಡ್ಲಾ ಅಂತಾನೂ ಇಬ್ರು ಬರೆದಿದ್ರು, ಅವರಿಗೂ ಇದೇ ಉತ್ತರ, ಬೇಡ. ಹಾಗೇ ನೀರಿನ ಪಿವಿಸಿ ಪೈಪಲ್ಲಿ ಗಾಳಿ ಲೈನ್ ಎಳೀಬೇಡಿ, ಅದು ಒಡೆದ್ರೆ ಗಾಜಿನ ಥರ ಚೂರಾಗಿ ಹಾರತ್ತೆ. ಸೇಫ್ಟಿ ವಾಲ್ವಿನ ರಿಂಗನ್ನ ತಿಂಗಳಿಗೊಂದ್ಸಲ ಎಳೆದು ಗಾಳಿ ಬರತ್ತಾ ಅಂತ ನೋಡ್ತಿರಿ.

ಪ್ರಶ್ನೆ: ಗಾಡಿಗೆ ಹಾಕೋ 20ಡಬ್ಲ್ಯೂ-40 ಇಂಜಿನ್ ಆಯಿಲ್ ಮನೇಲಿ ಮಿಕ್ಕಿದೆ, ಕಂಪ್ರೆಸರ್‌ಗೆ ಹಾಕ್ಬಹುದಾ ಅಣ್ಣಾ? – ಚಿತ್ರದುರ್ಗದ ಓದುಗ

ಉತ್ತರ: ಬೇಡಪ್ಪಾ. ಇಂಜಿನ್ ಆಯಿಲಲ್ಲಿ ಕೊಳೆ ತೊಳೆಯೋ ಡಿಟರ್ಜೆಂಟ್ ಎಲ್ಲ ಸೇರಿಸಿರ್ತಾರೆ, ಇಂಜಿನ್ನಿಗೆ ಅದು ಬೇಕು, ಇಲ್ಲಿ ಬಿಸಿ ವಾಲ್ವ್ ಪ್ಲೇಟ್ ಮೇಲೆ ಕರಿ ಕಟ್ಟಿ ವಾಲ್ವ್ ಸರಿಯಾಗಿ ಕೂರಲ್ಲ. ಕಂಪ್ರೆಸರ್ ಆಯಿಲ್ ಅಂತಾನೇ ಸಿಗತ್ತೆ, ಸಣ್ಣ ಪಿಸ್ಟನ್ ಮೆಷೀನಿಗೆ ಸಾಮಾನ್ಯವಾಗಿ 100 ಗ್ರೇಡು, ಆದ್ರೂ ಜೊತೆಗೆ ಬಂದ ಪುಸ್ತಕದಲ್ಲಿ ಏನಿದೆ ನೋಡಿ ಅದನ್ನೇ ಹಾಕಿ. ಗಾಜಿನ ಕಣ್ಣಲ್ಲಿ ಕೆಂಪು ಚುಕ್ಕೆ ಇರತ್ತಲ್ಲ, ಅದರ ಮಟ್ಟಕ್ಕೆ ಸಾಕು. ಜಾಸ್ತಿ ಹಾಕಿದ್ರೆ ಗಾಳಿ ಜೊತೆ ಆಯಿಲ್ಲೂ ಬರತ್ತೆ. ಹೊಸ ಮೆಷೀನಾದ್ರೆ ಮೊದಲನೇ ಆಯಿಲ್ ಬೇಗ ಬದಲಾಯಿಸು, ಹೊಸ ರಿಂಗು ಸವೆದ ಲೋಹದ ಪುಡಿಯೆಲ್ಲ ಅದರಲ್ಲೇ ಇರತ್ತೆ.

ಪ್ರಶ್ನೆ: ನಮ್ಮ ಮನೇಲಿ ಒಂದು ಕಾರು, ಎರಡು ಸ್ಕೂಟರ್, ಮಕ್ಕಳ ಸೈಕಲ್. ಬರೀ ಗಾಳಿ ಹಾಕೋಕೆ 24 ಲೀಟರ್ ಕಂಪ್ರೆಸರ್ ತಗೊಳ್ಳೋಣ ಅಂತ ಯಜಮಾನ್ರು ಅಂತಾರೆ. – ದಾವಣಗೆರೆಯ ಓದುಗರು

ಉತ್ತರ: ಅಷ್ಟಕ್ಕೆ ಬೇಡಮ್ಮಾ, ಕಾರಿನ 12 ವೋಲ್ಟಿಗೆ ಸಿಗಿಸೋ ಟೈರ್ ಇನ್‌ಫ್ಲೇಟರ್ ಸಾಕು. ನಿಧಾನ, ಒಂದು ಕಾರಿನ ಟೈರಿಗೆ ನಾಲ್ಕೈದು ನಿಮಿಷ ಹಿಡೀಬಹುದು, ಆದ್ರೆ ಡಿಕ್ಕಿಯಲ್ಲೇ ಇರತ್ತೆ, ದಾರಿಯಲ್ಲೂ ಉಪಯೋಗ. ಓಡಿಸುವಾಗ ಕಾರಿನ ಇಂಜಿನ್ ಆನ್ ಇರಲಿ, ಗಾಡಿ ಬಾಗಿಲ ಹೊರಗೆ ಬಯಲಲ್ಲಿ ನಿಂತಿರಲಿ, ಮುಚ್ಚಿದ ಶೆಡ್ಡಲ್ಲಿ ಬೇಡ. ಎಷ್ಟು ಪಿಎಸ್‌ಐ ಅಂತ ಡ್ರೈವರ್ ಬಾಗಿಲಿನ ಒಳ ಅಂಚಲ್ಲಿ ಸ್ಟಿಕರ್ ಇರತ್ತೆ, ಟೈರ್ ಮೇಲೆ ಬರೆದಿರೋದು ಅದು ತಡೆಯೋ ಗರಿಷ್ಠ, ಅದನ್ನ ನೋಡಿ ತುಂಬಬೇಡಿ. ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ, ಟೈರ್ ತಣ್ಣಗಿರೋವಾಗಲೇ ಅಳತೆ ಮಾಡಿ ಹಾಕಿ.